ಬೆಂಕಿ ಆರಿದ ಮೇಲೆ ಕಾಣುವ ಆಕಾರ

ಜರ್ಮನಿಯ ಮೈಡರಿಶ್‌ನ ಊದುಕುಲುಮೆಗಳನ್ನು ಚೆಂದಕ್ಕೆಂದು ಯಾರೂ ಕಟ್ಟಲಿಲ್ಲ. ಕಟ್ಟಿದವರ ತಲೆಯಲ್ಲಿ ಇದ್ದದ್ದು ಶಾಖ ಎಷ್ಟು, ಭಾರ ಎಷ್ಟು, ಯಾವುದು ಎಲ್ಲಿಂದ ಎಲ್ಲಿಗೆ ಹರಿಯಬೇಕು ಎಂಬ ಲೆಕ್ಕ ಮಾತ್ರ. ಶಿಲ್ಪಿ ಕಲ್ಲು ಕೆತ್ತುವಾಗ ನೋಡುವವರ ಕಣ್ಣು ಅವನ ನೆನಪಿನಲ್ಲಿರುತ್ತದೆ. ಈ ಎಂಜಿನಿಯರುಗಳಿಗೆ ಆ ಚಿಂತೆ ಇರಲಿಲ್ಲ, ಇಲ್ಲಿಗೆ ನೋಡಲೆಂದು ಬರುವವರೇ ಇರಲಿಲ್ಲವಲ್ಲ! ಹಾಗಿದ್ದೂ ಇವತ್ತು ಆ ಗುಮ್ಮಟ, ಕೊಳವೆ, ತೊಟ್ಟಿ, ಏಣಿ, ಚಿಮಣಿಗಳ ಕೆಳಗೆ ನಿಂತರೆ ಕಣ್ಣು ಕೀಳಲಾಗುವುದಿಲ್ಲ.

ಬಿಟ್ಟುಹೋದ ಕಾರ್ಖಾನೆಯ ಚೆಲುವೆಂದರೆ ಹಾಳಿನ ಚೆಲುವು, ಅಲ್ಲಿ ಒದಗುವುದು ಕರುಣರಸ ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಹಂಪಿಯನ್ನು ನೋಡಿ ಬೆಳೆದ ಕಣ್ಣಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಜರ್ಮನಿಯ ಡ್ಯೂಸ್‌ಬುರ್ಗ್ ನಗರದ ಈ ಹಳೆಯ ಕಬ್ಬಿಣದ ಕಾರ್ಖಾನೆಯಲ್ಲಿ ತಿರುಗಾಡುವಾಗ ನನಗೆ ದಕ್ಕಿದ್ದು ಅದ್ಭುತ. ಮೊದಲು ಕಣ್ಣಿಗೆ ಗೊಂದಲವಾಗಿ ಕಂಡ ರಾಶಿ, ಒಂದೊಂದು ಆಕಾರದ ಹಿಂದಿನ ಕಾರಣ ತಿಳಿಯುತ್ತ ಹೋದಂತೆ, ತಾನಾಗಿ ಒಂದು ಕ್ರಮಕ್ಕೆ ಬರುತ್ತದೆ. ಆ ಕ್ರಮ ಮೂಡುವ ಗಳಿಗೆಯಲ್ಲೇ ಇಲ್ಲಿನ ರಸವಿದೆ.

ರೂರ್ ನದಿ ರೈನ್ ನದಿಯನ್ನು ಸೇರುವ ಕಡೆ ಡ್ಯೂಸ್‌ಬುರ್ಗ್ ಇದೆ. ಅಲ್ಲಿಂದ ಪೂರ್ವಕ್ಕೆ ಎಸ್ಸೆನ್, ಬೋಹುಮ್, ಡಾರ್ಟ್‌ಮುಂಡ್ ಎಂದು ಒಂದಕ್ಕೊಂದು ಅಂಟಿಕೊಂಡ ಊರುಗಳು, ಅವುಗಳ ನೆಲದಡಿಯಲ್ಲಿ ಕಲ್ಲಿದ್ದಲು. ಆಗಸ್ಟ್ ಥಿಸೆನ್ ಎಂಬ ಉದ್ಯಮಿ ಕಲ್ಲಿದ್ದಲಿಗೆ ಹತ್ತಿರವಾಗುವಂತೆ ನಗರದ ಉತ್ತರದ ಮೈಡರಿಶ್‌ನಲ್ಲಿ ಕಾರ್ಖಾನೆ ಕಟ್ಟಿಸಿದ. 1903ರಲ್ಲಿ ಮೊದಲ ಕುಲುಮೆ ಹೊತ್ತಿತು. ಬರಬರುತ್ತ ಅವು ಐದಾದವು. ಇಲ್ಲಿ ತಯಾರಾಗುತ್ತಿದ್ದದ್ದು ಬೀಡುಕಬ್ಬಿಣ. ಗಿರಾಕಿ ಕೇಳಿದ ಹದಕ್ಕೆ, ಕೇಳಿದ ಬೆರಕೆಗೆ ತಕ್ಕಂತೆ ಬಗೆಬಗೆಯ ಕಬ್ಬಿಣ ಕರಗಿಸಿ ಕೊಡುತ್ತಿದ್ದುದರಿಂದ ಈ ಕಾರ್ಖಾನೆಗೆ 'ಕಂಪನಿಯ ಔಷಧದಂಗಡಿ' ಎಂಬ ಅಡ್ಡಹೆಸರಿತ್ತು. ಒಟ್ಟು ಸುಮಾರು 3.7 ಕೋಟಿ ಟನ್ ಕಬ್ಬಿಣ ಇಲ್ಲಿಂದ ಹೊರಬಿತ್ತು. ಯುರೋಪಿನಲ್ಲಿ ಉಕ್ಕು ಬೇಕಾದದ್ದಕ್ಕಿಂತ ಹೆಚ್ಚಾಗಿ, ಯಾರು ಎಷ್ಟು ತಯಾರಿಸಬೇಕೆಂಬ ಮಿತಿ ಬಿದ್ದ ಕಾಲದಲ್ಲಿ, 1985ರ ಏಪ್ರಿಲ್‌ನಲ್ಲಿ, ಕೊನೆಯ ಕುಲುಮೆಯನ್ನೂ ಆರಿಸಿದರು.

ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯುತ್ತದೆ. ಗ್ಯಾಸ್ ಕಟರ್ ಬರುತ್ತದೆ, ಕಬ್ಬಿಣ ಗುಜರಿಗೆ ಹೋಗುತ್ತದೆ, ನೆಲ ಸಮತಟ್ಟಾಗುತ್ತದೆ. ಅದೇ ಸೀಮೆಯ ಡಾರ್ಟ್‌ಮುಂಡ್‌ನಲ್ಲಿ ಫೀನಿಕ್ಸ್ ಎಂಬ ದೊಡ್ಡ ಉಕ್ಕಿನ ಕಾರ್ಖಾನೆಯನ್ನು ಬಿಚ್ಚಿ ಚೀನಾಕ್ಕೆ ಸಾಗಿಸಿದರು. ಅದು ನಿಂತಿದ್ದ ಜಾಗದಲ್ಲಿ ಈಗ ಕೆರೆಯಿದೆ, ದಡದಲ್ಲಿ ಹೊಸ ಮನೆಗಳಿವೆ. ಮೈಡರಿಶ್‌ನಲ್ಲಿ ಮಾತ್ರ ಊರಿನ ಕೆಲವರು ಇದನ್ನು ಕೆಡವಬೇಡಿ ಎಂದು ಪಟ್ಟು ಹಿಡಿದರು. 1989ರಲ್ಲಿ ಈ ಸೀಮೆಯ ಎಂಷರ್ ನದಿಯ ಇಡೀ ಕಣಿವೆಯನ್ನು ಹಸನು ಮಾಡಲು ಹತ್ತು ವರ್ಷದ ಸರ್ಕಾರಿ ಯೋಜನೆಯೊಂದು ಶುರುವಾಯಿತು. ಅದರಡಿ ನಡೆದ ಸ್ಪರ್ಧೆಯಲ್ಲಿ ಭೂವಿನ್ಯಾಸಕಾರ ಪೀಟರ್ ಲಾಟ್ಸ್ ಅವರ ತಂಡ ಗೆದ್ದಿತು. 1994ರಲ್ಲಿ ಸುಮಾರು 180 ಹೆಕ್ಟೇರಿನ ಈ ಜಾಗ ಉದ್ಯಾನವಾಗಿ ಜನರಿಗೆ ತೆರೆದುಕೊಂಡಿತು. ಟಿಕೆಟ್ ಇಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಹೋಗಬಹುದು.

ಪಾಳುಬಿದ್ದ ಕಾರ್ಖಾನೆಗಳ ಬೇಲಿ ಹಾರಿ ಒಳಗೆ ಹೋಗುವುದರಲ್ಲೇ ಸುಖ ಕಾಣುವವರ ಒಂದು ಪಂಗಡ ಎಲ್ಲ ದೇಶಗಳಲ್ಲೂ ಇದೆ. ಅವರಿಗೆ ಈ ಜಾಗ ಸಪ್ಪೆ ಎನಿಸಬಹುದು. ನನ್ನ ಮಟ್ಟಿಗೆ ಕದ್ದು ನೋಡುವಾಗ ಗಮನವೆಲ್ಲ ಹೆಜ್ಜೆಯ ಸದ್ದಿನ ಮೇಲೆ, ಕಾವಲುಗಾರನ ಮೇಲೆ ಇರುತ್ತದೆ, ನೋಡುವುದು ಹಿಂದೆ ಬೀಳುತ್ತದೆ. ಒಂದು ಕೊಳವೆ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂದು ಅರ್ಧ ಗಂಟೆ ಕತ್ತೆತ್ತಿ ನೋಡುತ್ತ ನಿಲ್ಲಲು ಯಾರ ಹೆದರಿಕೆಯೂ ಇರಬಾರದು. ಅಂಥ ಬಿಡುವು ಇಲ್ಲಿ ಧಾರಾಳವಾಗಿದೆ.

ಊದುಕುಲುಮೆಯ ಕೆಲಸ ಸ್ವಲ್ಪ ಗೊತ್ತಿದ್ದರೆ ನೋಡುವ ಸುಖ ಎಷ್ಟೋ ಪಾಲು ಹೆಚ್ಚುತ್ತದೆ. ಮೇಲಿನ ಬಾಯಿಂದ ಅದಿರು, ಕಲ್ಲಿದ್ದಲಿನಿಂದ ಮಾಡಿದ ಕೋಕ್, ಸುಣ್ಣಕಲ್ಲುಗಳನ್ನು ಪದರ ಪದರವಾಗಿ ಸುರಿಯುತ್ತಾರೆ. ಕೆಳಗಿನಿಂದ ಕಾದ ಗಾಳಿಯನ್ನು ಊದುತ್ತಾರೆ. ಕೋಕ್ ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಮೇಲಕ್ಕೇರುತ್ತ ಅದಿರಿನಲ್ಲಿರುವ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ, ಕಬ್ಬಿಣ ಉಳಿಯುತ್ತದೆ. ಸುಣ್ಣ ಕಶ್ಮಲದ ಜೊತೆ ಕೂಡಿ ಕಿಟ್ಟವಾಗುತ್ತದೆ. ಕರಗಿದ ಕಬ್ಬಿಣ ಭಾರ, ತಳ ಸೇರುತ್ತದೆ. ಕಿಟ್ಟ ಹಗುರ, ಅದರ ಮೇಲೆ ತೇಲುತ್ತದೆ. ಒಮ್ಮೆ ಹೊತ್ತಿಸಿದ ಕುಲುಮೆ ವರ್ಷಗಟ್ಟಲೆ ಉರಿಯುತ್ತಲೇ ಇರುತ್ತದೆ. ಘನವಸ್ತು ಸದಾ ಕೆಳಗಿಳಿಯುತ್ತಿರುತ್ತದೆ, ಅನಿಲ ಸದಾ ಮೇಲೇರುತ್ತಿರುತ್ತದೆ, ಎರಡೂ ಒಂದರೊಳಗೊಂದು ಹಾದುಹೋಗುತ್ತವೆ. ಮೈಡರಿಶ್‌ನಲ್ಲಿ ಕಾಣುವ ಎಲ್ಲವೂ ಈ ಎರಡು ಹರಿವುಗಳಿಗಾಗಿ ಕಟ್ಟಿದ್ದು.

ಹಾಗಾಗಿ ಅದಿರು ನಡೆದ ದಾರಿಯಲ್ಲೇ ನಡೆಯಬೇಕು. ಮೊದಲು ಸಿಗುವುದು ರೈಲು ಹಳಿಗಳು. ಹತ್ತಾರು ಹಳಿಗಳು ಒಂದೇ ಕಟ್ಟಾಗಿ ಬಂದು, ಬೀಸಣಿಗೆಯ ಕಡ್ಡಿಗಳಂತೆ ಬಿಚ್ಚಿಕೊಂಡು, ಕೆಲವು ದಿಬ್ಬದ ಮೇಲೇರಿ, ಕೆಲವು ತಗ್ಗಿಗಿಳಿದು ಬೇರೆ ಬೇರೆ ತೊಟ್ಟಿಗಳ ಕಡೆ ಹೋಗುತ್ತವೆ. ಗಾಡಿಗಳ ಸುಲಭಕ್ಕಾಗಿ ಲೆಕ್ಕ ಹಾಕಿ ಮಾಡಿದ ಆ ಏರಿಳಿತ ಮೇಲಿನಿಂದ ನೋಡಿದರೆ ಯಾರೋ ಬೇಕೆಂದೇ ನೆಲದ ಮೇಲೆ ಎಳೆದ ಗೀಟುಗಳಂತೆ ಕಾಣುತ್ತದೆ. ಲಾಟ್ಸ್ ಇದನ್ನು ಮುಟ್ಟಲಿಲ್ಲ. ಹುಲ್ಲು ಬೆಳೆಯಲು ಬಿಟ್ಟರು, ನಡುವೆ ಓಡಾಡಲು ದಾರಿ ಕೊಟ್ಟರು, ಅಷ್ಟೆ. ಆ ಸಂಯಮಕ್ಕಾಗಿಯೇ ಅವರ ಮೇಲೆ ನನಗೆ ಅಪಾರ ಗೌರವ.

ಹಳಿಗಳು ತಲುಪುವುದು ಅದಿರಿನ ಬಂಕರುಗಳನ್ನು. ಇವು ಸಾಲಾಗಿ ನಿಂತ ಕಾಂಕ್ರೀಟಿನ ಆಳವಾದ ತೊಟ್ಟಿಗಳು, ಗೋಡೆಗಳು ಕೋಟೆಯ ಗೋಡೆಯಷ್ಟು ದಪ್ಪ. ಒಂದೊಂದರಲ್ಲಿ ಒಂದೊಂದು ಜಾತಿಯ ಅದಿರು ತುಂಬಿರುತ್ತಿತ್ತು. ಖಾಲಿಯಾದ ಮೇಲೆ ಇವುಗಳನ್ನು ಏನು ಮಾಡಬೇಕು? ಲಾಟ್ಸ್ ಕೆಲವು ಗೋಡೆಗಳನ್ನು ಗರಗಸದಿಂದ ಕೊಯ್ಯಿಸಿ ಬಾಗಿಲು ಮಾಡಿಸಿದರು, ಒಳಗೆ ಪುಟ್ಟ ತೋಟಗಳನ್ನು ಬೆಳೆಸಿದರು. ಕೆಲವನ್ನು ವಿಷ ಬೆರೆತ ಮಣ್ಣನ್ನು ತುಂಬಿ ಮುಚ್ಚಿಸಿದರು. ಇನ್ನು ಕೆಲವು ಪರ್ವತಾರೋಹಿಗಳ ಪಾಲಾದವು. ಬೆಟ್ಟವೇ ಇಲ್ಲದ ಈ ಬಯಲು ಸೀಮೆಯಲ್ಲಿ ಜರ್ಮನ್ ಆಲ್ಪೈನ್ ಕ್ಲಬ್ಬಿನ ಸ್ಥಳೀಯ ಶಾಖೆಯವರು ಬಂಕರಿನ ಗೋಡೆಗಳಿಗೆ ಗೂಟ ಜಡಿದು ಹತ್ತುವುದನ್ನು ಕಲಿಸುತ್ತಾರೆ. ಒಂದು ತೊಟ್ಟಿಯಲ್ಲಿ ಹಗ್ಗ ಕಟ್ಟಿಕೊಂಡ ಮಕ್ಕಳ ಕೇಕೆ, ಅದರ ಪಕ್ಕದ ತೊಟ್ಟಿಯಲ್ಲಿ ನೆರಳಿನ ಜರಿಗಿಡಗಳು, ಅದರಾಚೆ ಯಾರೂ ಇಳಿಯದ ಹಸಿರು ಗುಂಡಿ. ಕೊಯ್ದ ಬಾಗಿಲಲ್ಲಿ ನಿಂತು ಗೋಡೆಯ ಅಡ್ಡಸೀಳನ್ನು ಸವರಿ ನೋಡಿ. ಕಾಂಕ್ರೀಟಿನೊಳಗಿನ ಜಲ್ಲಿಕಲ್ಲುಗಳು ಕತ್ತರಿಸಿ ನುಣುಪಾಗಿ, ಮೊಸಾಯಿಕ್ ನೆಲದಂತೆ ಹೊಳೆಯುತ್ತವೆ.

ಕೋಕ್ ತಯಾರಿಸುತ್ತಿದ್ದ ಕಡೆಯ ಮಣ್ಣಿನಲ್ಲಿ ಡಾಂಬರಿನ ವಿಷವಿತ್ತು. ಅದನ್ನೆಲ್ಲ ಅಗೆದು ಬೇರೆ ಊರಿಗೆ ಸಾಗಿಸುವ ಬದಲು ಇದ್ದಲ್ಲೇ ಇಟ್ಟು, ಮೇಲೆ ಗಿಡ ಬೆಳೆಸಿ, ಕಾಲ ಅದನ್ನು ಕರಗಿಸಲಿ ಎಂಬ ದಾರಿಯನ್ನು ಆರಿಸಿದರು. ಹೀಗೆ ಬೆಳೆದ ಹಸಿರಿನಲ್ಲಿ ನೆಟ್ಟದ್ದಕ್ಕಿಂತ ತಾನಾಗಿ ಬಂದದ್ದೇ ಹೆಚ್ಚು ಸ್ವಾರಸ್ಯದ್ದು. ಉದ್ಯಾನದಲ್ಲಿ 700ಕ್ಕೂ ಹೆಚ್ಚು ಜಾತಿಯ ಸಸ್ಯಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಎಷ್ಟೋ ಪರದೇಶದವು, ಹಡಗಿನಲ್ಲಿ ಬಂದ ಅದಿರಿನ ಜೊತೆ, ರೈಲು ಗಾಡಿಗಳ ಜೊತೆ ಬೀಜವಾಗಿ ಬಂದವು. ಚೀನಾ ಮೂಲದ ಬಡ್ಲಿಯಾ ಪೊದೆ ಹಳಿಗಳ ನಡುವೆ ನೇರಳೆ ಹೂವಿನ ತೆನೆಗಳನ್ನು ಚಾಚಿ ಚಿಟ್ಟೆಗಳನ್ನು ಕರೆಯುತ್ತದೆ. ದಕ್ಷಿಣ ಆಫ್ರಿಕಾ ಮೂಲದ, ಪುಟ್ಟ ಹಳದಿ ಹೂವಿನ ಗಿಡವೊಂದು ಜಲ್ಲಿಯಲ್ಲೇ ಸುಖವಾಗಿದೆ. ಕಿಟ್ಟ ಸುರಿದ, ಮಣ್ಣೆಂಬುದೇ ಇಲ್ಲದ ದಿಬ್ಬಗಳ ಮೇಲೆ ಬಿಳಿ ತೊಗಟೆಯ ಬರ್ಚ್ ಮರಗಳು ಮೊದಲು ಬೇರು ಬಿಟ್ಟವು. ಕಪ್ಪು ನೆಲ, ಬಿಳಿ ಕಾಂಡ, ಹಿಂದೆ ಕೆಂಗಂದು ಬಣ್ಣದ ಕುಲುಮೆ: ಮೇ ತಿಂಗಳ ಎಳೆ ಎಲೆಗಳ ಹೊತ್ತಿಗೆ ಈ ಮೂರೂ ಒಂದೇ ನೋಟದಲ್ಲಿ ಸಿಗುವ ಜಾಗಗಳು ಇಲ್ಲಿ ಹಲವಿವೆ.

ಉದ್ಯಾನದ ನಡುವೆ ನೇರವಾಗಿ ಹರಿಯುವ ಕಾಲುವೆಯ ಕಥೆಯನ್ನೂ ಹೇಳಲೇಬೇಕು. ಗಣಿಗಾರಿಕೆಯಿಂದ ಈ ಪ್ರದೇಶದ ನೆಲ ಕುಸಿಯುತ್ತಲೇ ಇದ್ದುದರಿಂದ ಒಳಚರಂಡಿಯ ಕೊಳವೆಗಳನ್ನು ಹೂಳುವಂತಿರಲಿಲ್ಲ, ಹೂತರೆ ಒಡೆಯುತ್ತಿದ್ದವು. ಆದ್ದರಿಂದ ಎಂಷರ್ ನದಿಯನ್ನೂ ಅದರ ಉಪಹೊಳೆಗಳನ್ನೂ ಕಾಂಕ್ರೀಟಿನ ತೆರೆದ ಚರಂಡಿಗಳಾಗಿ ಮಾಡಿದ್ದರು. ನೂರು ವರ್ಷ ಈ ಕಣಿವೆಯ ಜನ ಆ ನಾತದ ಪಕ್ಕದಲ್ಲೇ ಬದುಕಿದರು. ಗಣಿಗಳು ಮುಚ್ಚಿ ನೆಲ ನಿಂತ ಮೇಲೆ ಕೊಳಚೆಯನ್ನು ನೆಲದಡಿಯ ಕೊಳವೆಗೆ ತಿರುಗಿಸಲಾಯಿತು. ಇಡೀ ಎಂಷರ್ ಕೊಳಚೆಯಿಂದ ಬಿಡುಗಡೆ ಹೊಂದುವ ಹೊತ್ತಿಗೆ 2021 ಮುಗಿಯುತ್ತಿತ್ತು. ಉದ್ಯಾನದೊಳಗಿನ ಹಳೆಯ ಕಾಲುವೆಯಲ್ಲಿ ಈಗ ಇರುವುದು ಮಳೆನೀರು, ಕಾರ್ಖಾನೆಯ ಛಾವಣಿಗಳಿಂದ, ಅಂಗಳಗಳಿಂದ ಹರಿದು ಬಂದದ್ದು. ಲಾಟ್ಸ್ ಇಲ್ಲಿಯೂ ಹೊಳೆಯಂತೆ ನಟಿಸುವ ಅಂಕುಡೊಂಕುಗಳನ್ನು ತೋಡಿಸಲಿಲ್ಲ, ಕಾಲುವೆ ಕಾಲುವೆಯಾಗಿಯೇ ಇದೆ. ಹಳೆಯ ಗೋಪುರವೊಂದರ ಮೇಲೆ ಕೂರಿಸಿದ ಗಾಳಿಚಕ್ರ ಈ ನೀರನ್ನು ಮೇಲೆತ್ತಿ ತೋಟಗಳಿಗೆ ಕೊಡುತ್ತದೆ.

ಕುಲುಮೆಗಳ ಪಕ್ಕದಲ್ಲಿ ನಿಂತ ಎತ್ತರದ ಉರುಳೆಗಳು, ತಲೆಯ ಮೇಲೆ ಗುಮ್ಮಟ ಹೊತ್ತವು, ಕೌಪರ್‌ಗಳು. ಎಡ್ವರ್ಡ್ ಕೌಪರ್ ಎಂಬ ಇಂಗ್ಲಿಷ್ ಎಂಜಿನಿಯರ್ 1857ರಲ್ಲಿ ಇದರ ಪೇಟೆಂಟ್ ಪಡೆದ. ಒಳಗೆ ಜಾಲರಿಯಂತೆ ಜೋಡಿಸಿದ ಇಟ್ಟಿಗೆ. ಕುಲುಮೆಯ ಮೇಲಿನಿಂದ ಹೊರಬರುವ ಅನಿಲವನ್ನೇ ತಂದು ಇದರಲ್ಲಿ ಉರಿಸುತ್ತಾರೆ, ಇಟ್ಟಿಗೆ ಕೆಂಪಗೆ ಕಾಯುತ್ತದೆ. ಆಮೇಲೆ ಅನಿಲ ನಿಲ್ಲಿಸಿ ಅದೇ ಇಟ್ಟಿಗೆಗಳ ಮೂಲಕ ತಣ್ಣನೆಯ ಗಾಳಿ ಬಿಟ್ಟರೆ ಅದು ಸಾವಿರ ಡಿಗ್ರಿ ಮುಟ್ಟಿ ಕುಲುಮೆಯೊಳಗೆ ನುಗ್ಗುತ್ತದೆ. ಒಂದು ಊದುವಾಗ ಉಳಿದವು ಕಾಯುತ್ತಿರಬೇಕು, ಅದಕ್ಕೇ ಇವು ಯಾವಾಗಲೂ ಗುಂಪಾಗಿ ನಿಲ್ಲುತ್ತವೆ. ಒಳಗಿನ ಶಾಖವನ್ನೂ ಒತ್ತಡವನ್ನೂ ಮೂಲೆಗಳಿರುವ ಪೆಟ್ಟಿಗೆ ತಡೆಯಲಾರದು, ಅದಕ್ಕೇ ದುಂಡು ಗೋಡೆ, ದುಂಡು ತಲೆ. ಇಷ್ಟು ತಿಳಿದ ಮೇಲೆ ಮತ್ತೊಮ್ಮೆ ತಲೆಯೆತ್ತಿದರೆ, ಮೊದಲು ಬರೀ ಭಾರವಾಗಿ ಕಂಡ ಆ ಗುಂಪಿನಲ್ಲಿ ಸರದಿಯ ಲಯವೊಂದು ಕಾಣುತ್ತದೆ.

ಅದೇ ಅನಿಲದಲ್ಲಿ ಉಳಿದದ್ದನ್ನು ಕೂಡಿಡುತ್ತಿದ್ದ ದೊಡ್ಡ ಟ್ಯಾಂಕು ಸ್ವಲ್ಪ ದೂರದಲ್ಲಿದೆ. ವ್ಯಾಸ 45 ಮೀಟರ್. ಈಗ ಅದರೊಳಗೆ 13 ಮೀಟರ್ ಆಳಕ್ಕೆ ನೀರು ತುಂಬಿ, ಉಸಿರಿನ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಮುಳುಗುವವರಿಗೆ ಬಿಟ್ಟುಕೊಟ್ಟಿದ್ದಾರೆ. ತಳದಲ್ಲಿ ದೋಣಿ, ಕಾರು ಮುಂತಾದವನ್ನು ಮುಳುಗಿಸಿಟ್ಟಿದ್ದಾರೆ. ನನಗೆ ಮುಳುಗಲು ಬಾರದು, ಹೊರಗೆ ನಿಂತು ಆ ದುಂಡು ಗೋಡೆಯನ್ನು ಸುತ್ತಿದೆ. ಕುಲುಮೆಯ ಬಿಸಿಯುಸಿರು ತುಂಬಿದ್ದ ಪಾತ್ರೆಯಲ್ಲಿ ಈಗ ತಣ್ಣೀರು, ಅದರೊಳಗೆ ಮನುಷ್ಯರು. ಕಲ್ಪನೆಗೆ ಇದಕ್ಕಿಂತ ಹೆಚ್ಚು ಕೊಡುವ ಮಾರ್ಪಾಟನ್ನು ನಾನು ಬೇರೆಲ್ಲೂ ನೋಡಿಲ್ಲ.

ಗಾಳಿ ಊದುತ್ತಿದ್ದ ಯಂತ್ರಗಳ ಮನೆ ಈಗ ನಾಟಕ, ಸಂಗೀತಗಳ ರಂಗಮಂದಿರ. ವಿದ್ಯುತ್ ಮನೆಯೂ ಅಷ್ಟೆ, ಸುಮಾರು 170 ಮೀಟರ್ ಉದ್ದದ ಒಂದೇ ಅಖಂಡ ಹಜಾರ. ಚೆನ್ನಾಗಿಯೇ ಇವೆ, ಆದರೆ ಕಾರ್ಯಕ್ರಮ ಇಲ್ಲದ ಹೊತ್ತಿನಲ್ಲಿ ಇವುಗಳ ಬಾಗಿಲು ಮುಚ್ಚಿರುತ್ತದೆ, ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ನಿಂತದ್ದು ಕಬ್ಬಿಣ ಹರಿಯುತ್ತಿದ್ದ ಅಂಗಳದಲ್ಲಿ. ಕುಲುಮೆಯ ಬುಡದ ಸುತ್ತ ದಪ್ಪ ಕೊಳವೆಯೊಂದು ಬಳೆಯಂತೆ ಸುತ್ತಿಕೊಂಡಿದೆ, ಅದರಿಂದ ಸಣ್ಣ ಕೊಳವೆಗಳು ಬಾಗಿ ಒಳಕ್ಕೆ ಹೋಗುತ್ತವೆ. ಕಾದ ಗಾಳಿ ಎಲ್ಲ ಕಡೆಯಿಂದ ಸಮನಾಗಿ ಹೊಗಲೆಂದು ಈ ಏರ್ಪಾಡು. ಅದರ ಕೆಳಗೆ ಜೇಡಿಮಣ್ಣಿನಿಂದ ಮುಚ್ಚಿದ ಒಂದು ತೂತು. ಕೆಲವು ಗಂಟೆಗಳಿಗೊಮ್ಮೆ ಅದನ್ನು ಕೊರೆದು ತೆರೆಯುತ್ತಿದ್ದರು. ಸುಮಾರು ಸಾವಿರದೈನೂರು ಡಿಗ್ರಿಯ ಕಬ್ಬಿಣ ಹೊರನುಗ್ಗಿ, ಮರಳಿನ ಕಾಲುವೆಗಳಲ್ಲಿ ಹರಿದು, ಕೆಳಗೆ ಕಾದಿದ್ದ ರೈಲು ತೊಟ್ಟಿಗಳಿಗೆ ಬೀಳುತ್ತಿತ್ತು. ದಾರಿಯಲ್ಲಿ ಒಂದು ಅಡ್ಡ ತಡೆ. ಮೇಲೆ ತೇಲುವ ಕಿಟ್ಟ ಅದಕ್ಕೆ ಬಡಿದು ಪಕ್ಕದ ಕಾಲುವೆಗೆ ತಿರುಗುತ್ತಿತ್ತು, ಭಾರದ ಕಬ್ಬಿಣ ತಡೆಯ ಅಡಿಯಿಂದ ನುಸುಳಿ ಮುಂದೆ ಹೋಗುತ್ತಿತ್ತು. ನಮ್ಮ ಹೊಲದಲ್ಲಿ ಮಡೆ ತಿರುಗಿಸುವ ರೈತನ ಜಾಣತನವೇ ಇದು, ನೀರಿನ ಬದಲು ಬೆಂಕಿ. ಈಗ ಕಾಲುವೆಗಳು ಬರಿದು. ಬಾಗಿ ಬಾಗಿ ಕವಲೊಡೆದ ಆ ತೋಡುಗಳ ಅಂಚಿನಲ್ಲಿ ಕೈಯಿಟ್ಟು ನಡೆದರೆ ಹರಿವಿನ ದಿಕ್ಕು ಕಾಲಿಗೇ ತಿಳಿಯುತ್ತದೆ. ಒಂದನೆಯ ಕುಲುಮೆಯ ಅಂಗಳದಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಸಿನಿಮಾ ತೋರಿಸುತ್ತಾರೆ.

ಕರಗಿದ ಕಬ್ಬಿಣದ ಕುರುಹನ್ನು ಇನ್ನೂ ಹತ್ತಿರದಿಂದ ನೋಡಬೇಕಾದರೆ ಕುಲುಮೆಗಳ ನಡುವಿನ ಚೌಕಕ್ಕೆ ಹೋಗಬೇಕು. ಕಬ್ಬಿಣ ಎರಕ ಹೊಯ್ಯುತ್ತಿದ್ದ ಕಡೆಯಿಂದ 49 ಕಬ್ಬಿಣದ ಹಲಗೆಗಳನ್ನು ತಂದು, ಏಳರಂತೆ ಏಳು ಸಾಲಾಗಿ ಲಾಟ್ಸ್ ನೆಲಕ್ಕೆ ಹಾಸಿದ್ದಾರೆ. ಒಂದೊಂದೂ ಏಳೆಂಟು ಟನ್ ತೂಕ. ಇದಕ್ಕೆ ಪಿಯಾಝಾ ಮೆಟಾಲಿಕಾ ಎಂದು ಹೆಸರು. ಇಡೀ ಉದ್ಯಾನದಲ್ಲಿ ಅಲಂಕಾರಕ್ಕೆಂದು ಮಾಡಿದ್ದು ಏನಾದರೂ ಇದ್ದರೆ ಇದೊಂದೇ ಎನ್ನಬಹುದು, ಆದರೂ ಇದರಲ್ಲಿ ಹೊರಗಿನಿಂದ ತಂದ ಒಂದು ಮೊಳೆಯೂ ಇಲ್ಲ. ಹಲಗೆಗಳ ಮೈಮೇಲೆ ಕಾದ ಲೋಹ ಕೊರೆದ ಗೆರೆಗಳು, ಕುಳಿಗಳು, ಅಲೆಗಳು ಇವೆ. ಮಳೆ ನಿಂತ ಮೇಲೆ ಬಗ್ಗಿ ನೋಡಿದರೆ ಆ ಕುಳಿಗಳಲ್ಲಿ ನೀರು ನಿಂತು ಕುಲುಮೆಯ ನೆರಳು ಚೂರು ಚೂರಾಗಿ ಕಾಣುತ್ತದೆ. ಇವು ತುಕ್ಕು ಹಿಡಿಯುತ್ತಲೇ ಹೋಗುತ್ತವೆ, ಕಾಲ ಕಳೆದಂತೆ ಗೆರೆಗಳು ಮಾಸುತ್ತವೆ. ಇಡುವಾಗಲೇ ಲಾಟ್ಸ್ ಅವರಿಗೆ ಅದು ಗೊತ್ತಿತ್ತು.

ತುಕ್ಕು ಒಂದೇ ಬಣ್ಣದ್ದಲ್ಲ ಎಂದು ಇಲ್ಲಿ ಸಾವಕಾಶವಾಗಿ ನೋಡಿದವರಿಗೆ ಗೊತ್ತಾಗುತ್ತದೆ. ಮಳೆ ನೇರವಾಗಿ ಬೀಳುವ ಕಡೆ ಕೇಸರಿ, ನೀರು ಜಿನುಗುವ ಜಾಡಿನಲ್ಲಿ ಕಾಫಿ ಕಂದು, ನೆರಳಿನ ಒಳಭಾಗದಲ್ಲಿ ಹೆಚ್ಚುಕಡಿಮೆ ನೇರಳೆ, ಜನ ಕೈಯಿಟ್ಟು ಇಟ್ಟು ನಯವಾದ ಕಂಬಿಗಳಲ್ಲಿ ಕಪ್ಪು ಮಿಂಚು. ಹಳೆಯ ಬೂದು ಬಣ್ಣ ಸಿಪ್ಪೆಯಾಗಿ ಎದ್ದ ಕಡೆ ಅದರಡಿಯ ಕೆಂಪು ಇಣುಕುತ್ತದೆ. ಒದ್ದೆ ದಿನಗಳಲ್ಲಿ ಗಾಳಿಯಲ್ಲೇ ಕಬ್ಬಿಣದ ವಾಸನೆ.

ರಾತ್ರಿಯಾದರೆ ದೃಶ್ಯವೇ ಬೇರೆ. ಬ್ರಿಟಿಷ್ ಬೆಳಕು ವಿನ್ಯಾಸಕಾರ ಜೊನಾಥನ್ ಪಾರ್ಕ್ 1996ರಲ್ಲಿ ಅಳವಡಿಸಿದ ದೀಪಗಳು ಕುಲುಮೆಗಳನ್ನು ಹಸಿರು, ನೀಲಿ, ಕೆಂಪುಗಳಲ್ಲಿ ಬೆಳಗುತ್ತವೆ. ಅದನ್ನು ನೋಡಲೆಂದೇ ಬರುವ ಜನ ಬಹಳ. ಕತ್ತಲಿನಲ್ಲಿ ಕೌಪರ್‌ಗಳು ಬಣ್ಣ ಹೊತ್ತು ಎದ್ದು ನಿಲ್ಲುವುದು ಬೆರಗಿನ ನೋಟವೇ ಹೌದು. ಆದರೂ ನನ್ನ ಮನಸ್ಸು ಮೋಡ ಕವಿದ ಹಗಲಿನ ಕಡೆಗೇ ವಾಲುತ್ತದೆ. ಬಣ್ಣದ ಬೆಳಕು ತನಗೆ ಬೇಕಾದ ಭಾಗವನ್ನು ಮಾತ್ರ ತೋರಿಸುತ್ತದೆ. ಮೋಡದ ಬೆಳಕು ಎಲ್ಲವನ್ನೂ ಒಂದೇ ಸಮ ತೋರಿಸುತ್ತದೆ, ಯಾವ ಕೊಳವೆ ಯಾವುದರ ಹಿಂದೆ ಹೋಯಿತು ಎಂಬುದು ಅದರಲ್ಲೇ ಕಾಣುವುದು. ಬೆರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ಮೊದಲುಗೊಂಡು ದಶಕಗಟ್ಟಲೆ ಊದುಕುಲುಮೆ, ನೀರಿನ ಗೋಪುರ, ಗಣಿಯ ರಾಟೆಗೋಪುರಗಳ ಕಪ್ಪು ಬಿಳುಪು ಚಿತ್ರಗಳನ್ನು ತೆಗೆದದ್ದು ಇಂಥ ಬೂದು ಬೆಳಕಿನಲ್ಲಿಯೇ. ಎದುರಿನಿಂದ, ನೆರಳಿಲ್ಲದೆ, ಮನುಷ್ಯರಿಲ್ಲದೆ. ಒಂದೇ ಜಾತಿಯ ಕಟ್ಟಡಗಳ ಚಿತ್ರಗಳನ್ನು ಸಾಲಾಗಿ ಜೋಡಿಸಿಟ್ಟು, ಹೋಲಿಕೆ ವ್ಯತ್ಯಾಸಗಳನ್ನು ಕಣ್ಣೇ ಹುಡುಕಿಕೊಳ್ಳಲಿ ಎಂದು ಬಿಟ್ಟರು. 1990ರ ವೆನಿಸ್ ಬಿನಾಲೆಯಲ್ಲಿ ಅವರ ಛಾಯಾಚಿತ್ರಗಳಿಗೆ ಬಹುಮಾನ ಬಂದದ್ದು ಶಿಲ್ಪಕಲೆಯ ವಿಭಾಗದಲ್ಲಿ. ಆ ತೀರ್ಪು ಎಷ್ಟು ಸರಿ ಎಂಬುದು ಮೈಡರಿಶ್‌ನಲ್ಲಿ ನಿಂತಾಗ ಅರಿವಾಗುತ್ತದೆ.

ಬೆಷರ್ ಚಿತ್ರಗಳಲ್ಲಿ ಮನುಷ್ಯರಿಲ್ಲ, ಇಲ್ಲಿನ ಅಂಗಳಗಳಲ್ಲೂ ಈಗ ದುಡಿಯುವವರಿಲ್ಲ. ಹಾಗೆಂದು ಅವರನ್ನು ಮರೆತು ಆಕಾರಗಳನ್ನಷ್ಟೇ ಸವಿಯುವುದು ತಪ್ಪು. ಕರಗಿದ ಕಬ್ಬಿಣದ ಎದುರು ನಿಂತ ಮೈಗಳವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂರ್‌ನ ಗಣಿ, ಕಾರ್ಖಾನೆಗಳಿಗೆ ಯುರೋಪಿನ ನಾನಾ ಕಡೆಗಳಿಂದ ಜನರನ್ನು ಹಿಡಿದು ತಂದು ದುಡಿಸಿದರು. 1961ರ ಒಪ್ಪಂದದ ನಂತರ ಟರ್ಕಿಯಿಂದ ಬಂದವರು ಈ ನಗರದ ಉತ್ತರ ಭಾಗದಲ್ಲಿ ನೆಲೆಯೂರಿದರು. ಇಲ್ಲಿ ಕುಲುಮೆ ಆರಿದ ಎರಡು ವರ್ಷಕ್ಕೆ, 1987ರ ಕೊನೆಯಲ್ಲಿ, ರೈನ್‌ನ ಆಚೆ ದಡದ ರೈನ್‌ಹೌಸೆನ್‌ನಲ್ಲಿ ಕ್ರುಪ್ ಕಂಪನಿಯ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಕಾರ್ಮಿಕರು ನದಿಯ ಸೇತುವೆಯನ್ನೇ ತಡೆದು ನಿಂತರು. ಆ ಸೇತುವೆಗೆ ಒಗ್ಗಟ್ಟಿನ ಸೇತುವೆ ಎಂಬ ಹೆಸರು ಉಳಿಯಿತು, ಕಾರ್ಖಾನೆ ಉಳಿಯಲಿಲ್ಲ. ಮೈಡರಿಶ್ ಕಾರ್ಖಾನೆ ನಿಂತೇ ಇರುವುದರಿಂದ ಇಲ್ಲಿ ದುಡಿದವರ ಕೆಲಸಕ್ಕೆ ಒಂದು ಸಾಕ್ಷಿಯಾದರೂ ಇದೆ. ಅಪ್ಪ ಯಾವ ಏಣಿ ಹತ್ತುತ್ತಿದ್ದ, ಯಾವ ತೂತಿನ ಮುಂದೆ ನಿಲ್ಲುತ್ತಿದ್ದ ಎಂದು ಮಗಳು ತನ್ನ ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದು.

ನಮ್ಮ ದೇಶಕ್ಕೂ ಈ ಊರಿಗೂ ಒಂದು ನಂಟಿದೆ. 1950ರ ದಶಕದಲ್ಲಿ ಒಡಿಶಾದ ರೂರ್ಕೆಲಾ ಉಕ್ಕಿನ ಕಾರ್ಖಾನೆಯನ್ನು ಪಶ್ಚಿಮ ಜರ್ಮನಿಯ ಸಹಕಾರದಿಂದ ಕಟ್ಟಿದಾಗ ಮುಂದೆ ನಿಂತವು ಎಸ್ಸೆನ್‌ನ ಕ್ರುಪ್ ಮತ್ತು ಡ್ಯೂಸ್‌ಬುರ್ಗ್‌ನ ಡೆಮಾಗ್ ಕಂಪನಿಗಳು. ಕನ್ನಡಿಗರಿಗೆ ಊದುಕುಲುಮೆ ಅದಕ್ಕೂ ಮೊದಲೇ ಪರಿಚಿತ. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಭದ್ರಾವತಿಯ ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಮರ ಸುಟ್ಟ ಇದ್ದಿಲಿನಿಂದ. ಅಲ್ಲಿ ದುಡಿದ ಮನೆತನದವರು ಯಾರಾದರೂ ಮೈಡರಿಶ್‌ಗೆ ಹೋದರೆ ಅವರಿಗೆ ನಾನು ಇಷ್ಟು ವಿವರಿಸಬೇಕಾದ್ದೇ ಇಲ್ಲ.

ಐದನೆಯ ಕುಲುಮೆಯನ್ನು ಹತ್ತುವುದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಸುಮಾರು 70 ಮೀಟರ್ ಎತ್ತರ. ಕಬ್ಬಿಣದ ಜಾಲರಿ ಮೆಟ್ಟಿಲುಗಳ ಸಂದಿಯಲ್ಲಿ ಕೆಳಗಿನ ನೆಲ ಕಾಣುತ್ತಲೇ ಇರುತ್ತದೆ. ಹತ್ತುತ್ತ ಹೋದಂತೆ ಪಕ್ಕದಲ್ಲೇ ಕುಲುಮೆಯ ಮೈ ಸಿಗುತ್ತದೆ, ಅದರ ವಾರೆಗಳನ್ನು ನೋಡಬೇಕು. ಬುಡದಿಂದ ಸ್ವಲ್ಪ ದೂರ ಅಗಲವಾಗುತ್ತ ಹೊಟ್ಟೆಯವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಕಿರಿದಾಗುತ್ತ ಕತ್ತಿನವರೆಗೆ ಹೋಗುತ್ತದೆ. ಯಾಕೆ ಹೀಗೆ? ಮೇಲಿನಿಂದ ಇಳಿಯುವ ಅದಿರು ಕಾಯುತ್ತ ಉಬ್ಬುತ್ತದೆ, ಗೋಡೆ ನೇರವಾಗಿದ್ದರೆ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ, ಆದ್ದರಿಂದ ಕೆಳಗಿಳಿದಂತೆ ಜಾಗ ಹೆಚ್ಚಬೇಕು. ಹೊಟ್ಟೆಯ ಕೆಳಗೆ ಅದು ಕರಗಿ ಕುಗ್ಗುತ್ತದೆ, ಅಲ್ಲಿ ಜಾಗ ಕಡಿಮೆಯಾಗಬೇಕು. ಕಬ್ಬಿಣದ ಹೊದಿಕೆಯ ಮೇಲಿನ ಪ್ರತಿಯೊಂದು ವಾರೆ ಒಳಗೆ ನಡೆಯುತ್ತಿದ್ದುದರ ಪಡಿಯಚ್ಚು. ಉರಿಯುವ ಕುಲುಮೆಯ ಪಕ್ಕದಲ್ಲಿ ಇಷ್ಟು ಹತ್ತಿರ ನಿಂತು, ಇಷ್ಟು ಹೊತ್ತು ಈ ವಾರೆಗಳನ್ನು ನೋಡಲು ಯಾರಿಗೂ ಸಾಧ್ಯವಿರಲಿಲ್ಲ. ಶಾಖ, ಧೂಳು, ಅನಿಲ ಬಿಡುತ್ತಿರಲಿಲ್ಲ. ಬೆಂಕಿ ಆರಿದ್ದಕ್ಕೇ ಆಕಾರ ಕಣ್ಣಿಗೆ ದಕ್ಕಿತು.

ತುದಿಯಲ್ಲಿ ಗಾಳಿ ಜೋರು. ಪೂರ್ವಕ್ಕೆ ಓಬರ್‌ಹೌಸೆನ್‌ನ ದೈತ್ಯ ಗ್ಯಾಸ್ ಟ್ಯಾಂಕು, ಅದೂ ಈಗ ಪ್ರದರ್ಶನ ಮಂದಿರ. ಪಶ್ಚಿಮಕ್ಕೆ ರೈನ್‌ನ ಕಡೆ ತಿರುಗಿದರೆ ಹೊಗೆ ಮತ್ತು ಹಬೆ, ಅಲ್ಲಿ ಥಿಸೆನ್‌ಕ್ರುಪ್ ಕಂಪನಿಯ ಕುಲುಮೆಗಳು ಇನ್ನೂ ಉರಿಯುತ್ತಿವೆ. ಅವುಗಳಲ್ಲಿ 'ಕಪ್ಪು ದೈತ್ಯ' ಎಂದು ಕರೆಯುವ ಶ್ವೆಲ್‌ಗರ್ನ್‌ನ ಒಂದನೆಯ ಕುಲುಮೆ ಹೊತ್ತಿದ್ದು 1973ರಲ್ಲಿ, ನಾನು ನಿಂತಿದ್ದ ಐದನೆಯ ಕುಲುಮೆ ಹೊತ್ತಿದ ವರ್ಷದಲ್ಲೇ. ಇದು ಹನ್ನೆರಡು ವರ್ಷಕ್ಕೆ ಆರಿತು. ಅದು ದಿನಕ್ಕೆ ಸುಮಾರು 10,000 ಟನ್ ಕಬ್ಬಿಣ ಕರಗಿಸಬಲ್ಲದು. ಆದರೆ ಅಲ್ಲಿಯೂ ಕೋಕ್ ಬದಲು ಹೈಡ್ರೋಜನ್‌ನಿಂದ ಅದಿರನ್ನು ಕಬ್ಬಿಣ ಮಾಡುವ ಸ್ಥಾವರಕ್ಕೆ ಕಂಪನಿ ಕೈಹಾಕಿದೆ. ಆ ವಿಧಾನಕ್ಕೆ ಕೌಪರ್ ಬೇಡ, ಕೋಕ್ ಒಲೆಯೂ ಬೇಡ. ಹೊಗೆ ಕಡಿಮೆಯಾಗುವುದು ಎಲ್ಲರಿಗೂ ಒಳ್ಳೆಯದೇ, ಅದು ಬೇಗ ಬರಲಿ. ಮುಂದೊಂದು ದಿನ ಕಪ್ಪು ದೈತ್ಯ ಆರಿದಾಗ ಅದನ್ನು ಉಳಿಸಬೇಕೇ ಎಂಬ ಚರ್ಚೆ ಈ ಊರಿನಲ್ಲಿ ಖಂಡಿತ ಏಳುತ್ತದೆ. ಕುಲುಮೆಯೊಂದನ್ನೇ ಸ್ಮಾರಕದಂತೆ ನಿಲ್ಲಿಸಿ ಸುತ್ತಲಿನದನ್ನೆಲ್ಲ ಗುಜರಿಗೆ ಹಾಕುವುದು ಸುಲಭದ ದಾರಿ, ಎಷ್ಟೋ ಊರುಗಳಲ್ಲಿ ಹಾಗೆಯೇ ಆಗಿದೆ. ಉಳಿಸುವುದಾದರೆ ಹಳಿ, ತೊಟ್ಟಿ, ಅದಿರನ್ನು ಕುಲುಮೆಯ ಬಾಯಿಗೆ ಏರಿಸುವ ಓರೆಹಾದಿ, ಕೌಪರ್, ಕೊಳವೆ, ಅಂಗಳ ಎಲ್ಲವನ್ನೂ ಒಂದೇ ಸರಪಳಿಯಾಗಿ ಉಳಿಸಬೇಕು. ನಡುವಿನ ಒಂದು ಕೊಳವೆ ಕತ್ತರಿಸಿದರೂ ಅದರಾಚೆಯ ಗುಮ್ಮಟ ಯಾಕೆ ದುಂಡಗಿದೆ ಎಂದು ನೋಡುವವರಿಗೆ ತಿಳಿಯುವುದಿಲ್ಲ.